ತಿರುಗಿ ನೋಡಬಾರದ ದಾರಿ

ನೆಲೀದಾ ಮಾತು ಬಿಟ್ಟು ಅಂದಿಗೆ ಇಪ್ಪತ್ತೆರಡು ದಿನವಾಗಿತ್ತು. ಎಂಟು ವರ್ಷದ ಹುಡುಗಿ, ಬಾಯಿಬಡುಕಿ ಎಂದು ಅಜ್ಜಿಯಿಂದ ದಿನಾ ಬೈಸಿಕೊಳ್ಳುತ್ತಿದ್ದವಳು, ಈಗ ಕೂರಿಸಿದರೆ ಕೂತಲ್ಲೇ, ಮಲಗಿಸಿದರೆ ಮಲಗಿದಲ್ಲೇ. ಬಾಯಿಗಿಟ್ಟ ಸಾರು ತುಟಿಯಂಚಿನಿಂದ ಹೊರಗೆ ಬರುತ್ತಿತ್ತು. ನಿದ್ದೆಯಲ್ಲಿ ಬೆಚ್ಚಿ ಎದ್ದು ಕೂರುವಳು; ಕಣ್ಣು ತೆರೆದೇ ಇರುತ್ತಿತ್ತು, ಆದರೆ ಎದುರಿಗಿದ್ದವರನ್ನು ನೋಡುತ್ತಿರಲಿಲ್ಲ. ಕೆಳಗಿನ ಊರಿನ ಡಾಕ್ಟರು ನಾಲಿಗೆ ನೋಡಿ, ಎದೆ ಪರೀಕ್ಷೆ ಮಾಡಿ, ಏನೂ ಇಲ್ಲವೆಂದು ಟಾನಿಕ್ಕು ಕೊಟ್ಟು ಕಳಿಸಿದ್ದರು. ಏನೂ ಇಲ್ಲದ ಮಗು ದಿನದಿಂದ ದಿನಕ್ಕೆ ಸವೆಯುವುದನ್ನು ಡಾಕ್ಟರು ನೋಡಬೇಕಾಗಿರಲಿಲ್ಲ. ನೋಡಬೇಕಾದವಳು ತಾಯಿ ಬಸೀಲಿಯಾ.

ಆಗಿರುವುದೇನು ಎಂದು ಬಸೀಲಿಯಾಳಿಗೂ ಗೊತ್ತಿತ್ತು, ಅವಳ ಅತ್ತೆ ಗುಮರ್ಸಿಂದಾಳಿಗೂ ಗೊತ್ತಿತ್ತು. ಮಗು ಹೆದರಿದೆ. ಹೆದರಿದ ಗಳಿಗೆಯಲ್ಲಿ ಅದರ ಅಜಾಯು, ಅಂದರೆ ಮೈಯೊಳಗಿನ ಆತ್ಮ, ಹಾರಿ ಆ ಜಾಗದಲ್ಲೇ ಉಳಿದುಬಿಟ್ಟಿದೆ. ಇಲ್ಲಿ ಉಳಿದಿರುವುದು ಬರೀ ಮೈ. ತಿಂಗಳೊಳಗೆ ಅಜಾಯು ಮನೆಗೆ ಬರದಿದ್ದರೆ ಮೈಯೂ ಅದರ ಹಿಂದೆಯೇ ಹೊರಡುತ್ತದೆ. ಎರಡು ಸಲ ಹೊಸ್ತಿಲಲ್ಲಿ ನಿಂತು, ಮಗುವಿನ ಉಣ್ಣೆ ಟೊಪ್ಪಿಗೆ ಹಿಡಿದು ಕರೆದದ್ದಾಗಿತ್ತು. ಬಂದಿರಲಿಲ್ಲ. ಗುಮರ್ಸಿಂದಾ ಕೋಕಾ ಎಲೆಗಳನ್ನು ಬಟ್ಟೆಯ ಮೇಲೆ ಚೆಲ್ಲಿ ಶಕುನ ನೋಡಿ, "ಅಲ್ಲೇ ಇದೆ. ಹಿಮದ ಬಾಯಲ್ಲೇ ಕೂತಿದೆ. ಅಲ್ಲಿಗೇ ಹೋಗಿ ಕರೀಬೇಕು, ಹೆತ್ತವಳೇ ಕರೀಬೇಕು," ಎಂದಳು.

ಬಸೀಲಿಯಾ ಬೆಟ್ಟದ ಕಣಿವೆಬಾಯಿಯಲ್ಲಿದ್ದ ತಂಗುಮನೆಯಲ್ಲಿ ಹತ್ತು ವರ್ಷ ಅಡುಗೆ ಮಾಡಿದವಳು. ಹಿಮ ಹತ್ತಲು ಬರುವ ಗಂಡಸರಿಗೆ ಕಿನ್ವಾ ಕಾಳಿನ ಸಾರು ಬಡಿಸಿ ಬಡಿಸಿ, ಇವರು ಹತ್ತುವುದನ್ನು ನಾನೇಕೆ ಹತ್ತಬಾರದು ಅನ್ನಿಸಿ, ನಾಲ್ಕು ವರ್ಷದ ಹಿಂದೆ ನೆರಿಗೆ ಲಂಗದ ಮೇಲೇ ಹಗ್ಗ ಬಿಗಿದು, ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿ, ದಾರಿ ತೋರಿಸುವ ಕೆಲಸಕ್ಕೆ ನಿಂತಳು. ಬೆಳಿಗ್ಗೆ ಹೋಗಿ ಸಂಜೆಗೆ ಬರುವ ಪ್ರವಾಸಿಗರನ್ನು ಹಿಮನದಿಯ ಅಂಚಿಗೆ ಕರೆದೊಯ್ಯುವುದು ಅವಳ ಪಾಲಿನ ಕೆಲಸ. ಶಾಲೆಗೆ ರಜೆ ಬಿಟ್ಟಾಗ, "ಕರಗಿ ಮುಗಿಯೋ ಮುಂಚೆ ನೀನೂ ಒಂದ್ಸಲ ನೋಡ್ಬಿಡು ಬಾ," ಎಂದು ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಳು. ಹುಡುಗಿ ಕೊಳದ ದಡದಲ್ಲಿ ಮಿಠಾಯಿ ಚೀಪುತ್ತ ನಿಂತಿದ್ದಾಗ ಮನೆಯಷ್ಟು ದೊಡ್ಡ ಹಿಮದ ತುಂಡು ಮುರಿದು ನೀರಿಗೆ ಬಿತ್ತು. ಬೆಟ್ಟಕ್ಕೆ ಬೆಟ್ಟವೇ ಗುಡುಗಿತು. ಅಲೆ ಬಂದು ಹುಡುಗಿಯ ಮೊಣಕಾಲು ತೊಯಿಸಿ ಹೋಯಿತು. ಅವಳು ಕಿರುಚಲಿಲ್ಲ, ಅಳಲಿಲ್ಲ, ಸುಮ್ಮನೆ ಕುಸಿದು ಕೂತಳು. ಎಂಥ ದೃಶ್ಯ ಸಿಕ್ಕಿತೆಂದು ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇವತ್ತಿಗೂ ಬಸೀಲಿಯಾಳ ಹೊಟ್ಟೆ ಉರಿಸುತ್ತದೆ.

ಇಂಥ ಕೆಲಸಕ್ಕೆ ಮಂಗಳವಾರ ಇಲ್ಲವೇ ಶುಕ್ರವಾರವೇ ಆಗಬೇಕು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅತ್ತೆ ಸೊಸೆ ಹೊರಟರು. ನೆಲೀದಾಳನ್ನು ತಂಗುಮನೆಯ ಅಡುಗೆಕೋಣೆಯಲ್ಲಿ, ಒಲೆಯ ಪಕ್ಕ, ಬಸೀಲಿಯಾಳ ತಮ್ಮ ಫೌಸ್ತೀನೊನ ಸುಪರ್ದಿಗೆ ಬಿಟ್ಟಿದ್ದರು. ಅವನೂ ದಾರಿ ತೋರಿಸುವವನೇ. ಹುಡುಗಿಯ ಅಪ್ಪ ಆಚೆ ಕಣಿವೆಯ ಗಣಿಯಲ್ಲಿದ್ದ; ತಿಂಗಳಿಗೊಮ್ಮೆ ಬರುವವನು.

ದಾರಿ ಮೊದಲಿಗೆ ಕಾಲುವೆಯ ಕಟ್ಟೆಯ ಮೇಲೆ ಸಾಗುತ್ತದೆ. ಒಂದು ಪಕ್ಕ ಸಣ್ಣಗೆ ಹರಿಯುವ ನೀರು, ಇನ್ನೊಂದು ಪಕ್ಕ ನೇರ ಇಳಿಜಾರು. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಎದುರಿಗೆ ಬೆಟ್ಟದಜ್ಜ, ಊರವರು ದೇವರೆಂದು ನಂಬುವ ಹಿಮಶಿಖರ, ನೆತ್ತಿಯಿಂದ ಸೊಂಟದವರೆಗೆ ಬೆಳ್ಳಗೆ ಹೊಳೆಯುತ್ತಿದ್ದ. ಬಲಗಡೆ ಬಹಳ ಕೆಳಗೆ, ಬಿಸಿನಾಡಿನ ಕಣಿವೆಗಳಿಂದ ಮಂಜು ಮೇಲೇಳುತ್ತಿತ್ತು. ಇದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಪಾಪ, ಅವರದೇನು ತಪ್ಪು. ಬಸೀಲಿಯಾಳಿಗೂ ಮೂರು ವಾರದ ಹಿಂದಿನವರೆಗೆ ಇದು ಚಂದವೇ ಆಗಿತ್ತು. ಈಗ ತಲೆ ಎತ್ತದೆ ಒಂದೊಂದು ಹೆಜ್ಜೆಯನ್ನೂ ನೋಡಿ ಇಡುತ್ತಿದ್ದಳು. ಕಾಲಡಿಯ ಕಲ್ಲು ಜಾರಿದರೆ ಸಾಕು, ಗಕ್ಕನೆ ನಿಲ್ಲುತ್ತಿದ್ದಳು.

"ಸಾರು ಕುದಿಸ್ಕೊಂಡು ತೆಪ್ಪಗಿದ್ದಿದ್ರೆ ಈ ಗತಿ ಬರ್ತಿತ್ತಾ?" ಹಿಂದಿನಿಂದ ಗುಮರ್ಸಿಂದಾ ಶುರುಮಾಡಿದಳು. ಅರವತ್ತಾರು ವರ್ಷ ಅವಳಿಗೆ. ದವಡೆಯಲ್ಲಿ ಕೋಕಾ ಎಲೆ ಇದ್ದರೆ ಏದುಸಿರು ಬರುವ ಮಾತೇ ಇಲ್ಲ. "ಊರಿಗೊಂದು ದಾರಿ, ನನ್ನ ಸೊಸೆಗೇ ಒಂದು ದಾರಿ. ಹಿಮ ಹತ್ತುತಾಳಂತೆ, ಹಿಮ!"

"ಹತ್ತಿದ ದುಡ್ಡಲ್ಲೇ ನಿಮಗೆ ಹಲ್ಲು ಕಟ್ಟಿಸಿದ್ದು ಅತ್ತೆ."

"ಕಟ್ಟಿಸ್ದೆ, ಸರಿ. ಮೊಮ್ಮಗಳು ಅನ್ನ ಬಿಟ್ಟು ಕೂತಿರುವಾಗ ಈ ಹಲ್ಲಿಟ್ಕೊಂಡು ನಾನೇನು ಅಗೀಲಿ?"

ಕಾಲುವೆ ಮುಗಿದ ಮೇಲೆ ಕಲ್ಲುದಿಬ್ಬ. ಅದನ್ನು ಹತ್ತಿ ಇಳಿದರೆ ಹಸಿರು ನೀರಿನ ಕೊಳ, ಕೊಳದಾಚೆ ಹಿಮನದಿಯ ಮೂತಿ. ದಡದ ಮರಳು ರಾತ್ರಿಯ ಇಬ್ಬನಿಗೆ ಒದ್ದೆಯಾಗಿತ್ತು. ಅದರ ಮೇಲೆ ಒಂದು ಜೊತೆ ಬೂಟಿನ ಗುರುತು ಕಂಡು ಬಸೀಲಿಯಾ ನಿಂತಳು. ಹೊಸ ಗುರುತು. ಹೋಗಿರುವುದಷ್ಟೇ ಕಾಣುತ್ತಿತ್ತು.

"ಯಾರೋ ಬೆಳಿಗ್ಗೆನೇ ಬಂದಿದ್ದಾರೆ, ಒಬ್ರೇ."

"ಬಂದಿರ್ತಾರೆ, ಹೋಗಿರ್ತಾರೆ. ನಿನಗೆ ಇವತ್ತು ಅವರ ಚಾಕರಿ ಇಲ್ಲ. ನಡಿ, ಮಧ್ಯಾಹ್ನ ಹಿಮ ಕರಗಿ ನೀರು ಏರೋ ಮುಂಚೆ ಮುಗಿಸ್ಬೇಕು."

ಬೇರೆ ದಿನವಾಗಿದ್ದರೆ ಬಸೀಲಿಯಾ ಆ ಗುರುತು ಎಲ್ಲಿಗೆ ಹೋಗಿದೆ, ಎಲ್ಲಿಂದ ವಾಪಸು ಬಂದಿದೆ ಎಂದು ಹುಡುಕದೆ ಬಿಡುತ್ತಿರಲಿಲ್ಲ. ಅದು ಅವಳ ಕಸುಬಿನ ಮೊದಲ ಪಾಠ. ಅಂದು ಮಗಳ ಟೊಪ್ಪಿಗೆ ಎದೆಗವಚಿಕೊಂಡು ಮುಂದೆ ನಡೆದಳು.

ಮಗಳು ಕುಸಿದು ಕೂತಿದ್ದ ಜಾಗ ಹಾಗೇ ಇತ್ತು. ಹಿಂದೆ ನೀಲಿಗಪ್ಪು ಗೋಡೆಯ ಹಾಗೆ ಹಿಮ, ಅದರ ಮೇಲಕ್ಕೆ ಬಿರುಕುಬಿಟ್ಟ ಬಿಳಿ ಇಳಿಜಾರು. ಒಳಗೆಲ್ಲೋ ನೀರು ಗೊಳಗೊಳ ಎನ್ನುತ್ತಿತ್ತು. ಆಗಾಗ ಹಿಮ ನರಳಿದಂತೆ ಕರಕರ ಎನ್ನುವುದು. ಗುಮರ್ಸಿಂದಾ ಸಣ್ಣ ಬಟ್ಟೆ ಹಾಸಿ, ಲಾಮಾ ಪ್ರಾಣಿಯ ಕೊಬ್ಬು, ಬಣ್ಣದ ಮಿಠಾಯಿ, ಆರಿಸಿದ ಕೋಕಾ ಎಲೆ ಇಟ್ಟು, ಶೀಸೆಯ ಸಾರಾಯಿಯನ್ನು ನಾಲ್ಕು ದಿಕ್ಕಿಗೂ ಚಿಮುಕಿಸಿದಳು. ಬೆಟ್ಟದಜ್ಜನನ್ನು ಹೆಸರು ಹಿಡಿದು ಬೇಡಿಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗಿ ಕಟ್ಟುನಿಟ್ಟಾಗಿ ಹೇಳಿದಳು:

"ಕಿವಿಗೊಟ್ಟು ಕೇಳು. ಮೂರು ಸಲ ಕರೀಬೇಕು. ಟೊಪ್ಪಿಗೆ ಭಾರ ಆದ ಹಾಗೆ ಅನ್ಸತ್ತೆ, ತಕ್ಷಣ ಮುಚ್ಚಿ ಎದೆಗೆ ಅವಚ್ಕೋ. ಆಮೇಲೆ ಬೆನ್ನು ತಿರುಗಿಸಿ ನಡೆಯೋದೇ. ಟೊಪ್ಪಿಗೆ ಮಗು ತಲೆ ಮೇಲೆ ಕೂರೋ ತನಕ ಹಿಂದಕ್ಕೆ ತಿರುಗಬಾರದು. ಯಾರು ಏನೇ ಕೂಗಲಿ, ಓಗೊಡಬಾರದು. ಈ ಹಿಮದ ಬಾಯಲ್ಲಿ ಕರೆಯೋರಿಲ್ಲದೆ ಉಳಿದವರು ಎಷ್ಟೋ ಜನ ಇದ್ದಾರೆ. ಒಬ್ಬರ ಮುಖ ನೋಡಿದ್ಯೋ, ಮಗು ಬದಲು ಅದೇ ನಿನ್ನ ಜೊತೆ ಮನೆಗೆ ಬರತ್ತೆ. ಮಗು ಇಲ್ಲೇ ಉಳೀತದೆ, ಶಾಶ್ವತವಾಗಿ."

ಬಸೀಲಿಯಾ ಟೊಪ್ಪಿಗೆಯ ಬಾಯಿ ಅಗಲಿಸಿ ಹಿಮದ ಕಡೆ ಹಿಡಿದಳು. ಹೆಸರು ತುಟಿ ದಾಟಿ ಹೊರಗೆ ಬರಲಿಲ್ಲ.

"ಜೋರಾಗಿ! ಬಾಯೊಳಗೇ ಗೊಣಗಬೇಡ. ನಿನ್ನ ಮಗಳು ಅದು."

"ನೆಲೀದಾ!" ಬಸೀಲಿಯಾ ಕೂಗಿದಳು. "ಬಾ ಮಗಳೇ! ಮನೆಗೆ ಹೋಗೋಣ ಬಾ!"

ಕೂಗು ಗೋಡೆಗೆ ಬಡಿದು ವಾಪಸು ಬಂತು. ಎರಡನೇ ಸಲ ಕೂಗುವಾಗ ಅಳು ಬಂತು. ಮೂರನೇ ಸಲ ಅವಳು ಕರೆದ ರೀತಿ ಎಂಥದೆಂದರೆ, ಸತ್ತವರೂ ಎದ್ದು ಬರಬೇಕು. ಮೇಲಿನಿಂದ ಒಂದು ಎಳೆ ತಣ್ಣನೆ ಗಾಳಿ ಇಳಿದು ಬಂದು ಟೊಪ್ಪಿಗೆಯನ್ನು ತುಂಬಿತು. ಕೈಗೆ ನಿಜವಾಗಿಯೂ ಭಾರ ಅನ್ನಿಸಿತು. ಮುಚ್ಚಿ ಎದೆಗವಚಿಕೊಂಡಳು. ಇಬ್ಬರೂ ಬೆನ್ನು ತಿರುಗಿಸಿದರು.

ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಸ್ವರ ಬಂತು.

"ಅಮ್ಮಾ..."

ಬಸೀಲಿಯಾಳ ಕತ್ತು ತಾನಾಗಿ ಹೊರಳಲು ಹೋಯಿತು. ಗುಮರ್ಸಿಂದಾ ಅವಳ ತೋಳಿಗೆ ಉಗುರು ಊರಿ ಹಿಡಿದಳು. "ನಡಿ. ಹೆಸರು ಹೇಳ್ತಾ ನಡಿ."

"ನೆಲೀದಾ, ಬಾ ಮಗಳೇ," ಎಂದಳು ಬಸೀಲಿಯಾ, ಎದುರಿಗಿದ್ದ ಕಲ್ಲುಗಳನ್ನು ನೋಡುತ್ತ. "ನಮ್ಮ ಮನೆಗೆ ಹೋಗೋಣ ಬಾ."

"ಇಲ್ಲಿದ್ದೀನಿ! ಅಮ್ಮಾ, ಇಲ್ಲಿ!"

ಈ ಸಲ ಸ್ವರ ಸ್ವಲ್ಪ ಸ್ಪಷ್ಟವಾಗಿತ್ತು. ಒಡೆದ, ದಪ್ಪ ಸ್ವರ. ಹಗ್ಗದ ಕೆಲಸ ಕಲಿಯುವಾಗ ಬಸೀಲಿಯಾಳನ್ನು ಒಂದು ಬಿರುಕಿನೊಳಗೆ ಇಳಿಸಿ ಕೂಗಿಸಿದ್ದರು. ಒಳಗಿನಿಂದ ಎಷ್ಟು ಗಂಟಲು ಹರಿದುಕೊಂಡರೂ ಹೊರಗೆ ಪಕ್ಕದ ಮನೆಯ ಮಾತಿನಷ್ಟೇ ಕೇಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮರಳಿನ ಮೇಲಿನ ಬೂಟಿನ ಗುರುತು ನೆನಪಾಯಿತು.

"ಅತ್ತೆ, ಅದು ಗಂಡಸಿನ ಸ್ವರ."

"ಅದಕ್ಕೇ ಹೇಳೋದು ತಿರುಗಬೇಡ ಅಂತ. ನಿನ್ನ ಮಗಳೇನು ಗಂಡಸಾ?"

"ಯಾರೋ ಬಿದ್ದಿರಬಹುದು ಅತ್ತೆ, ಬಿರುಕಿಗೆ..."

"ಅಷ್ಟು ಹೊತ್ತು ಕೂತಿದ್ವಲ್ಲ, ಕೊಬ್ಬು ಇಟ್ವಿ, ಸಾರಾಯಿ ಹಾಕಿದ್ವಿ, ಆಗ ಯಾಕೆ ಕೂಗಲಿಲ್ಲ? ನೀನು ಮಗಳ ಹೆಸರು ಕರೆದ ಮೇಲೇ ಯಾಕೆ ಕೂಗ್ತು? ಅಮ್ಮಾ ಅಂತಾನೇ ಯಾಕೆ ಕೂಗ್ತು?" ಮುದುಕಿಯೇನು ಕಲ್ಲೆದೆಯವಳಲ್ಲ. "ಬಸೀಲಿಯಾ, ಕೈ ಮುಗೀತೀನಿ. ನನ್ನ ಮೊಮ್ಮಗಳು ನಿನ್ನ ಎದೆ ಮೇಲಿದ್ದಾಳೆ. ನಡಿ ತಾಯಿ."

ಅತ್ತ ದರಿ, ಇತ್ತ ಪುಲಿ. ಟೊಪ್ಪಿಗೆಯನ್ನು ಅತ್ತೆಯ ಕೈಗೆ ಕೊಟ್ಟು ಹಿಂದೆ ಓಡೋಣವೆಂದರೆ, ಹೆತ್ತವಳ ಕೈ ಬಿಟ್ಟರೆ ಅಜಾಯು ನಿಲ್ಲುವುದಿಲ್ಲ. ತಿರುಗದೆ ಒಂದು ಮಾತು ಕೂಗಿ ಹೇಳೋಣವೆಂದರೆ, ಓಗೊಡುವುದೂ ಒಂದೇ, ತಿರುಗುವುದೂ ಒಂದೇ. ಕೊಳದ ಅಂಚು ದಾಟುವಾಗ ಮೂರನೇ ಸಲ ಕೇಳಿಸಿತು. ಅದರಲ್ಲಿ ಮಾತಿರಲಿಲ್ಲ, ಬರೀ ಅಳು.

ಬಸೀಲಿಯಾ ಮನಸ್ಸಿನಲ್ಲೇ ಹೇಳಿಕೊಂಡಳು: ಟೊಪ್ಪಿಗೆ ತಲೆಗೆ ಹಾಕಿದ ತಕ್ಷಣ ಬರುತ್ತೇನೆ. ನೀನು ಯಾರೇ ಆಗಿರು, ದೆವ್ವವಾಗಿರು, ಮನುಷ್ಯನಾಗಿರು, ಬರುತ್ತೇನೆ. ಹಾಗೆ ಹೇಳಿಕೊಂಡು ಕಲ್ಲುದಿಬ್ಬವನ್ನು ಅವಳು ಹತ್ತಿದ ವೇಗಕ್ಕೆ ಅತ್ತೆ ಹಿಂದೆ ಉಳಿದಳು. ದಿಬ್ಬದ ಆಚೆ ಇಳಿದ ಮೇಲೆ ಏನೂ ಕೇಳಿಸಲಿಲ್ಲ. ಕೇಳಿಸದಿರುವುದು ಕೇಳಿಸುವುದಕ್ಕಿಂತ ಭಯಂಕರವಾಗಿತ್ತು. ಕಾಲುವೆಯ ಕಟ್ಟೆಯ ಮೇಲೆ ಓಡಬಾರದು ಎಂದು ಪ್ರವಾಸಿಗರಿಗೆ ಪಾಠ ಹೇಳುವವಳು ಓಡಿದಳು. ಬಾಯಲ್ಲಿ "ನೆಲೀದಾ, ಬಾ, ನೆಲೀದಾ, ಬಾ" ಎಂಬುದು ಬಿಟ್ಟು ಬೇರೆ ಮಾತಿಲ್ಲ. ತನ್ನ ಹಿಂದೆ ಯಾರೋ ಹೆಜ್ಜೆ ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು. ಅದು ಮಗಳೋ, ಅತ್ತೆಯೋ, ಮತ್ತೊಂದೋ, ನೋಡುವ ಹಾಗಿರಲಿಲ್ಲ. ಒಂದೂಕಾಲು ಗಂಟೆಯ ದಾರಿಯನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿದಳು.

ಅಡುಗೆಕೋಣೆಗೆ ನುಗ್ಗಿ ಟೊಪ್ಪಿಗೆಯನ್ನು ಮಗಳ ತಲೆಗೆ ಕಿವಿ ಮುಚ್ಚುವವರೆಗೆ ಎಳೆದು ಹಾಕಿದಳು. ನೆಲೀದಾ ಒಂದು ಸಲ ಜೋರಾಗಿ ಸೀನಿದಳು. ಕಣ್ಣು ಮಿಟುಕಿಸಿ, ಒಲೆಯ ಕಡೆ ನೋಡಿ, ಆಮೇಲೆ ತಾಯಿಯನ್ನು, ಹೌದು, ತಾಯಿಯನ್ನೇ ನೋಡಿ, "ಆಲೂಗಡ್ಡೆ ಸುಟ್ಟಿದ್ದೀರಾ?" ಎಂದು ಕೇಳಿದಳು. ಇಪ್ಪತ್ತೆರಡು ದಿನದ ಮೇಲೆ ಕೇಳಿದ ಮೊದಲ ಮಾತು ಅದು. ಬೇರೆ ಯಾವ ತಾಯಿಯಾದರೂ ಅಲ್ಲೇ ನೆಲಕ್ಕೆ ಬಿದ್ದು ಅಳುತ್ತಿದ್ದಳು. ಬಸೀಲಿಯಾ ಮಗಳ ಮುಖವನ್ನು ಎರಡೂ ಕೈಯಲ್ಲಿ ಒಮ್ಮೆ ಹಿಡಿದು, ಬಿಟ್ಟು, ಗೋಡೆಯ ಮೇಲಿದ್ದ ಹಗ್ಗ ಎಳೆದುಕೊಂಡಳು.

"ಫೌಸ್ತೀನೊ, ಮೇಲೆ ಯಾರೋ ಬಿರುಕಲ್ಲಿ ಬಿದ್ದಿದ್ದಾರೆ. ಎದ್ದೇಳು."

"ಯಾರು? ನೀನು ನೋಡಿದ್ಯಾ?"

"ನೋಡಿಲ್ಲ. ಕೇಳಿಸ್ತು."

ಅಕ್ಕನ ಮುಖ ನೋಡಿ ಅವನು ಬೂಟು ಏರಿಸಿದ. ರಸ್ತೆಯ ಗೇಟಿನಲ್ಲಿ ಚೀಟಿ ಹರಿಯುವ ಮುದುಕನನ್ನು ಕೇಳಿದರೆ, "ಹ್ಞೂಂ, ಆರು ಗಂಟೆಗೊಬ್ಬ ಹುಡುಗ ಬಂದಿದ್ದ. ಕಾಲೇಜು ಹುಡುಗ. ದಾರಿ ತೋರ್ಸೋರು ಬೇಡ್ವಾ ಅಂದ್ರೆ, ಕೊಳ ನೋಡ್ಕೊಂಡು ಬಂದ್ಬಿಡ್ತೀನಿ ತಾತಾ ಅಂದ. ಇನ್ನೂ ಇಳಿದಿಲ್ವಾ?" ಎಂದ.

"ಹೆಸರೇನು?"

"ಚೀಟಿ ಕೊಡೋಕೆ ಹೆಸರು ಯಾಕಮ್ಮ?"

ಮತ್ತೆ ಅದೇ ಕಟ್ಟೆ, ಅದೇ ದಿಬ್ಬ. ದಾರಿಯಲ್ಲಿ ಎದುರಾದ ಗುಮರ್ಸಿಂದಾ ಹೆಗಲ ಮೇಲಿನ ಹಗ್ಗ ನೋಡಿದಳು, "ಮಗು?" ಎಂದಳು. "ತಿನ್ನೋಕೆ ಕೇಳ್ತಿದ್ದಾಳೆ, ಹೋಗಿ," ಎಂದು ಬಸೀಲಿಯಾ ನಿಲ್ಲದೆ ಮುಂದೆ ಹೋದಳು. ಬಿಸಿಲೇರಿ ಹಿಮ ಕರಗುತ್ತಿತ್ತು, ಬೆಳಿಗ್ಗೆ ಸಣ್ಣಗಿದ್ದ ತೊರೆಗಳೆಲ್ಲ ಈಗ ಬಾಯಿ ಮಾಡುತ್ತಿದ್ದವು. ಬೆಳಿಗ್ಗೆಯ ಭಯ ಒಂದು ಬಗೆಯದು, ಇದು ಬೇರೆ. ಆಗ ಏನಾದರೂ ಕೇಳಿಸೀತೆಂದು ಹೆದರಿದ್ದಳು. ಈಗ ಏನೂ ಕೇಳಿಸದಿದ್ದರೆ ಎಂದು ಹೆದರಿ, ಉಸಿರಾಟದ ಸದ್ದೂ ಅಡ್ಡ ಬರಬಾರದೆಂದು ಆಗಾಗ ನಿಂತು ಕಿವಿಗೊಡುತ್ತಿದ್ದಳು.

ಅಜಾಯು ಕರೆದ ಜಾಗದಿಂದ ಐವತ್ತು ಹೆಜ್ಜೆ ಮೇಲೆ, ಹಿಮದ ಇಳಿಜಾರಿನಲ್ಲಿ, ಬಿರುಕಿನ ಮೇಲಿನ ತೆಳುವಾದ ಹಿಮದ ಮುಚ್ಚಳ ಮುರಿದಿದ್ದ ತೂತು ಕಂಡಿತು. ಐವತ್ತೇ ಹೆಜ್ಜೆ. ಬೂಟಿಗೆ ಮುಳ್ಳು ಕಟ್ಟಿ, ಕೋಲಿನಿಂದ ಕುಟ್ಟಿ ನೋಡುತ್ತ, ಹೊಟ್ಟೆಯ ಮೇಲೆ ತೆವಳಿ ಅಂಚಿಗೆ ಹೋದಳು. ಕೆಳಗೆ ನೀಲಿ, ನೀಲಿಯ ಕೆಳಗೆ ಕಪ್ಪು. ನೀರು ಸುರಿಯುವ ಸದ್ದು.

ಕರೆಯಬೇಕು. ಯಾವ ಹೆಸರು ಹಿಡಿದು ಕರೆಯುವುದು? ಮಗಳ ಹೆಸರನ್ನು ಇಲ್ಲಿ ಇನ್ನೊಮ್ಮೆ ಎತ್ತುವ ಹಾಗಿಲ್ಲ, ಅವನ ಹೆಸರು ಗೊತ್ತಿಲ್ಲ.

"ಏ ಅಪ್ಪಾ!" ಎಂದು ಕೂಗಿದಳು. "ಏ ಮಗನೇ! ಬಂದೆ ಕಣೋ! ಬಂದಿದ್ದೀನಿ, ಓ ಅನ್ನೋ!"

ಯಾರೂ ಓ ಅನ್ನಲಿಲ್ಲ. ಆಗ ಅವಳಿಗೆ ಹೊಳೆಯಿತು: ಅವನು ಮೊದಲು ಯಾಕೆ ಕೂಗಿರಲಿಲ್ಲ ಎಂದು. ಬಿದ್ದ ಪೆಟ್ಟಿಗೆ ಎಚ್ಚರ ತಪ್ಪಿ ಮಲಗಿದ್ದವನನ್ನು ಎಬ್ಬಿಸಿದ್ದೇ ತನ್ನ ಕೂಗು. ಬಾ ಮಗಳೇ, ಮನೆಗೆ ಹೋಗೋಣ ಬಾ ಎಂದು ಯಾರೋ ತಾಯಿ ಗಂಟಲು ಹರಿದುಕೊಂಡು ಕರೆಯುತ್ತಿದ್ದಾಳೆ. ಯಾವ ಮಗ ತಾನೇ ಓಗೊಡದೆ ಇರುತ್ತಾನೆ? ಅಮ್ಮಾ ಎಂದ. ಕರೆದವಳು ಬೆನ್ನು ತಿರುಗಿಸಿ ಹೋದಳು.

ಫೌಸ್ತೀನೊ ಹಗ್ಗ ಬಿಗಿದುಕೊಂಡು ಇಳಿದ. ಬಸೀಲಿಯಾ ಹಿಮಗೊಡಲಿಯನ್ನು ಊರಿ, ಹಿಮ್ಮಡಿ ಒತ್ತಿ, ಹಗ್ಗ ಸಡಿಲಿಸುತ್ತ ಕೂತಳು. ಎಂಟು ಮಾರು ಇಳಿದಿರಬೇಕು, ಹಗ್ಗ ನಿಂತಿತು.

"ಫೌಸ್ತೀನೊ! ಏನಾಯ್ತೋ?"

"ಸೊಂಟದವರೆಗೂ ನೀರಲ್ಲಿದ್ದಾನೆ ಅಕ್ಕಾ," ಸ್ವರ ಪಕ್ಕದ ಮನೆಯಿಂದ ಬಂದಷ್ಟೇ ಕೇಳಿಸಿತು. ಆಮೇಲೆ, "ಉಸಿರಿಲ್ಲ." ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ಹೇಳಬಾರದಾಗಿದ್ದ ಮಾತನ್ನು ಪಾಪ ಅವನು ತಿಳಿಯದೆ ಹೇಳಿದ: "ಕಂಕುಳು ಇನ್ನೂ ಬೆಚ್ಚಗಿದೆ ಅಕ್ಕಾ. ಈಗ ಈಗ ಹೋಗಿದ್ದಾನೆ."

ಬಸೀಲಿಯಾ ಹಗ್ಗ ಬಿಡಲಿಲ್ಲ. ಬಿಟ್ಟರೆ ತಮ್ಮ ಬೀಳುತ್ತಾನೆ ಎಂಬ ಒಂದೇ ಕಾರಣಕ್ಕೆ ಬಿಡಲಿಲ್ಲ.

ತಂಗುಮನೆಯಿಂದ ಆರು ಜನ ಬಂದು ಅವನನ್ನು ಎತ್ತಿ, ಕಂಬಳಿಯಲ್ಲಿ ಸುತ್ತಿ ಹೊತ್ತು ತಂದರು. ಜೇಬಿನಲ್ಲಿದ್ದ ಕಾರ್ಡಿನಲ್ಲಿ ರೆನಾತೊ ಎಂದಿತ್ತು, ಇಪ್ಪತ್ತೊಂದು ವರ್ಷ, ತಗ್ಗಿನ ಸೀಮೆಯವನು. ಫೋನು ಒದ್ದೆಯಾಗಿ ಸತ್ತಿತ್ತು. ಗುಮರ್ಸಿಂದಾ ಅಂಗಳದಲ್ಲಿ ನಿಂತು ಆ ಮುಖವನ್ನು ನೋಡಿದಳು.

"ಬೆಟ್ಟದಜ್ಜ ಒಂದನ್ನ ಕೊಟ್ಟು ಒಂದನ್ನ ತಗೊಂಡ," ಎಂದಳು ಮೆಲ್ಲಗೆ.

"ಅವನು ತಗೊಳ್ಲಿಲ್ಲ ಅತ್ತೆ," ಎಂದಳು ಬಸೀಲಿಯಾ.

ಮುದುಕಿ ತನ್ನ ಶಾಲಿನ ಅಂಚಿನಿಂದ ಆ ಹುಡುಗನ ಹಣೆಯ ಮೇಲಿನ ಮರಳು ಒರೆಸಿದಳು.

ಇನ್ನೂ ಬಿಸಿಲಿತ್ತು. ಬಸೀಲಿಯಾ ಹಿತ್ತಿಲ ನಲ್ಲಿಯ ಹತ್ತಿರ ನಿಂತು, ಹಗ್ಗ ಜಾರಿ ತರಚಿದ್ದ ಅಂಗೈಗಳನ್ನು ನೀರಿಗೆ ಹಿಡಿದಿದ್ದಳು. ನೀರು ಕೊರೆಯುತ್ತಿತ್ತು, ಕೈ ತೆಗೆಯಬೇಕೆನ್ನಿಸಲಿಲ್ಲ. ಆಗ ಹಿಂದಿನಿಂದ ಕೂಗು ಬಂತು.

"ಅಮ್ಮಾ!"

ಮೂರು ವಾರದಿಂದ ಈ ಒಂದು ಕೂಗಿಗಾಗಿ ಅವಳು ಬೇಡದ ದೇವರಿಲ್ಲ. ಆದರೆ ಕತ್ತು ತಿರುಗಲಿಲ್ಲ. ತಿರುಗಿಸಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಕತ್ತು ಬಿಗಿದುಕೊಂಡು ನಿಂತಿತು.

"ಅಮ್ಮಾ, ಇಲ್ಲಿದ್ದೀನಿ!"

ಬಸೀಲಿಯಾ ನಲ್ಲಿಯನ್ನೇ ನೋಡುತ್ತಿದ್ದಳು. ಮೂರನೇ ಸಲವೂ ಕೂಗು ಬಂತು, ಈ ಸಲ ಅಳು ಬೆರೆತಿತ್ತು. ಆಮೇಲೆ ಪುಟ್ಟ ಹೆಜ್ಜೆಗಳು ಸುತ್ತು ಬಳಸಿ ಎದುರಿಗೆ ಬಂದವು. ನೆಲೀದಾ ತಾಯಿಯ ಮುಖವನ್ನು ಕೆಳಗಿನಿಂದ ದಿಟ್ಟಿಸಿದಳು.

"ಎಷ್ಟು ಸಲ ಕೂಗ್ಲಿ? ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದಳು ಬಸೀಲಿಯಾ. "ಮೊದಲನೇ ಸಲಾನೇ ಕೇಳಿಸ್ತು."